ಕ್ಯಾಲ್ಕುಲೇಟರ್‌ನಲ್ಲಿ ವರ್ಗಮೂಲ, ಘನಮೂಲ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಾಠ ಹೇಳುವುದು ಕಾಮರ್ಸ್ ಮತ್ತು ಡಿಪ್ಲೊಮಾ ಮಕ್ಕಳಿಗೆ. ಅವರ ಜೊತೆಗೆ ಮನೆ ಕಟ್ಟಿಸುವವರು, ಚಿಟ್ಟು-ಫಂಡು ಲೆಕ್ಕ ಹಾಕುವವರು ಕೂಡ ಆಗಾಗ ಕ್ಯಾಲ್ಕುಲೇಟರ್ ಹಿಡಿದುಕೊಂಡು ಬರುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: √ ಕೀ ಒಂದಿದ್ದರೆ ಅಂಗಡಿಯ ಗಲ್ಲಾಪೆಟ್ಟಿಗೆ ಪಕ್ಕದಲ್ಲಿರುವ ಸಾದಾ ಕ್ಯಾಲ್ಕುಲೇಟರೇ ಸಾಕು, ಘನಮೂಲವೂ ಅದರಲ್ಲೇ ಸಿಗುತ್ತದೆ. ಹೇಗೆ ಅನ್ನುವುದು ಕೆಳಗಿದೆ.

ಸಂಖ್ಯೆ ಮೊದಲು ಒತ್ತಬೇಕೋ, ರೂಟ್ ಮೊದಲು ಒತ್ತಬೇಕೋ?

ಸಾದಾ ಕ್ಯಾಲ್ಕುಲೇಟರ್ ಆದರೆ ಸಂಖ್ಯೆ ಮೊದಲು. 144 ಒತ್ತಿ, √ ಒತ್ತಿ, 12 ಬಂತು. ಸಮ ಚಿಹ್ನೆಯ ಅಗತ್ಯವೇ ಇಲ್ಲ.

ಸೈಂಟಿಫಿಕ್ ಆದರೆ ಪುಸ್ತಕದಲ್ಲಿ ಬರೆದ ಹಾಗೆ: √ ಮೊದಲು, ಆಮೇಲೆ 144, ಕೊನೆಗೆ ಸಮ ಚಿಹ್ನೆ. ಹಳೆಯ ಕಾಲದ ಕೆಲವು ಸೈಂಟಿಫಿಕ್ ಯಂತ್ರಗಳಲ್ಲಿ ಮಾತ್ರ ಸಂಖ್ಯೆಯೇ ಮೊದಲು. ಯಾವುದೆಂದು ಗೊತ್ತಾಗದಿದ್ದರೆ 9ರಲ್ಲಿ ಪರೀಕ್ಷೆ ಮಾಡಿ, 3 ಬಂದ ದಾರಿಯೇ ಸರಿಯಾದ ದಾರಿ.

9 + 16 ಒತ್ತಿ √ ಒತ್ತಿದರೆ 5 ಬರಬೇಕಲ್ಲ, 13 ಯಾಕೆ ಬರುತ್ತದೆ?

ಸಾದಾ ಕ್ಯಾಲ್ಕುಲೇಟರ್‌ನ √ ಕೀ ಪರದೆಯ ಮೇಲೆ ಆಗ ಏನಿದೆಯೋ ಅದನ್ನು ಮಾತ್ರ ಹಿಡಿಯುತ್ತದೆ. ನೀವು √ ಒತ್ತಿದ ಹೊತ್ತಿಗೆ ಪರದೆಯ ಮೇಲಿದ್ದದ್ದು 16. ಅದು 4 ಆಯಿತು. ಆಮೇಲೆ ಸಮ ಒತ್ತಿದಿರಿ, 9ಕ್ಕೆ 4 ಸೇರಿ 13. ಯಂತ್ರದ ತಪ್ಪೇನಿಲ್ಲ. 9 + 16 = ಒತ್ತಿ, 25 ಕಂಡ ಮೇಲೆ √ ಒತ್ತಿ.

ಸೈಂಟಿಫಿಕ್‌ನಲ್ಲಿ ಇದೇ ಎಡವಟ್ಟು ತಿರುಗಾಮುರುಗ ಆಗುತ್ತದೆ. √ 9 + 16 = ಒತ್ತಿದರೆ √ ಬರೀ 9ಕ್ಕೆ ಅಂಟಿಕೊಂಡು 3 + 16, ಅಂದರೆ 19 ಬರುತ್ತದೆ. √(9 + 16) ಎಂದು ಆವರಣ ಹಾಕಬೇಕು. ಪುಸ್ತಕದಂತೆ ಮೂಲಚಿಹ್ನೆಯ ಗೆರೆ ಎಳೆದು ತೋರಿಸುವ ಹೊಸ ಮಾದರಿಗಳಲ್ಲಿ ಗೆರೆಯ ಕೆಳಗೆ ಇರುವಷ್ಟೂ ಒಳಗೆ. ಹೊರಗೆ ಬರಬೇಕಾದರೆ ಬಲಕ್ಕೆ ಹೋಗುವ ಬಾಣದ ಕೀ ಒತ್ತಬೇಕು. ಅದನ್ನು ಒತ್ತದೆ ಮುಂದಿನ ಲೆಕ್ಕವನ್ನೂ ಗೆರೆಯ ಕೆಳಗೇ ತುಂಬಿಸಿಬಿಡುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ.

30×40 ಸೈಟಿನ ಮೂಲೆ ಸರಿಯಿದೆಯೇ ಎಂದು ನೋಡಲು ರೂಟ್ ಬೇಕಂತೆ, ಹೌದೇ?

ಹೌದು, ವರ್ಗಮೂಲಕ್ಕೆ ಇಷ್ಟು ನೇರವಾದ ಕೆಲಸ ಇನ್ನೊಂದಿಲ್ಲ. 30 × 30 = 900, 40 × 40 = 1600, ಕೂಡಿದರೆ 2500, √ ಒತ್ತಿದರೆ 50. ನಾಲ್ಕೂ ಮೂಲೆ ಮಟ್ಟವಾಗಿದ್ದರೆ ಎದುರುಬದುರು ಮೂಲೆಗಳ ಅಳತೆ ಎರಡು ಕಡೆಯಿಂದಲೂ ಸರಿಯಾಗಿ 50 ಅಡಿ ಬರಬೇಕು. ಒಂದು ಕಡೆ 50 ಅಡಿ 4 ಇಂಚು, ಇನ್ನೊಂದು ಕಡೆ 49 ಅಡಿ 8 ಇಂಚು ಬಂದರೆ ಸೈಟು ಓರೆಯಾಗಿದೆ ಎಂದೇ ಅರ್ಥ. ಮೇಸ್ತ್ರಿಗಳು ದಾರ ಕಟ್ಟಿ 3, 4, 5 ಅಡಿ ಗುರುತು ಹಾಕಿ ಮೂಲೆಮಟ್ಟ ನೋಡುತ್ತಾರಲ್ಲ, ಅದೂ ಇದೇ ಲೆಕ್ಕ, ಹತ್ತರಲ್ಲಿ ಒಂದು ಪಾಲು ಅಷ್ಟೇ.

ಎಲ್ಲ ಸೈಟೂ ಇಷ್ಟು ಸಲೀಸಲ್ಲ. 20×30 ಆದರೆ 400 + 900 = 1300, √ ಒತ್ತಿದರೆ 36.0555. ಇಲ್ಲಿ ಜನ ಎಡವುತ್ತಾರೆ. 36 ಅಡಿ ಐದೂವರೆ ಇಂಚು ಎಂದು ಓದಿಬಿಡುತ್ತಾರೆ. ದಶಾಂಶದ ಭಾಗ ಇಂಚಲ್ಲ, ಅಡಿಯ ಚೂರು. 36 ಕಳೆದು ಉಳಿದ 0.0555 ಅನ್ನು 12ರಿಂದ ಗುಣಿಸಿದರೆ 0.67 ಇಂಚು ಬರುತ್ತದೆ. ಅಂದರೆ 36 ಅಡಿಯ ಮೇಲೆ ಮುಕ್ಕಾಲು ಇಂಚಿಗೂ ಸ್ವಲ್ಪ ಕಡಿಮೆ. 40×60 ಸೈಟಿಗೆ √5200 = 72.111, ಅದು 72 ಅಡಿ ಒಂದೂಕಾಲು ಇಂಚಿಗಿಂತ ತುಸು ಹೆಚ್ಚು.

ಗುಂಟೆ ಲೆಕ್ಕಕ್ಕೂ ರೂಟ್ ಬಳಸಬಹುದೇ?

ಖಂಡಿತ. ಒಂದು ಗುಂಟೆ ಎಂದರೆ 1089 ಚದರಡಿ. 1089 ಒತ್ತಿ √ ಒತ್ತಿ ನೋಡಿ: ಸರಿಯಾಗಿ 33. ಅಂದರೆ 33 ಅಡಿಗೆ 33 ಅಡಿಯ ಚೌಕವೇ ಗುಂಟೆ. 40 ಗುಂಟೆ ಸೇರಿ ಒಂದು ಎಕರೆ, 43,560 ಚದರಡಿ. ಅದರ ವರ್ಗಮೂಲ 208.71. ಒಂದು ಎಕರೆಯನ್ನು ಚೌಕವಾಗಿ ಕಲ್ಪಿಸಿಕೊಳ್ಳಬೇಕಾದರೆ ಪ್ರತಿ ಬದಿಗೂ ಸುಮಾರು 209 ಅಡಿ ಎಂದು ಇಟ್ಟುಕೊಳ್ಳಿ. ಬದಿ 33ರ ನಲವತ್ತು ಪಟ್ಟು ಆಗಲಿಲ್ಲ ಎಂದು ಕೆಲವರಿಗೆ ಆಶ್ಚರ್ಯ. ವಿಸ್ತೀರ್ಣ 40 ಪಟ್ಟು ಆದರೆ ಬದಿ √40 ಪಟ್ಟು, ಸುಮಾರು ಆರೂಕಾಲು ಪಟ್ಟು ಮಾತ್ರ ಬೆಳೆಯುತ್ತದೆ.

ಸೈಂಟಿಫಿಕ್ ಕ್ಯಾಲ್ಕುಲೇಟರ್‌ನಲ್ಲಿ ಘನಮೂಲದ ಕೀ ಎಲ್ಲಿದೆ? ಹುಡುಕಿದರೂ ಸಿಗುತ್ತಿಲ್ಲ.

ಕೀ ಮೇಲೆ ಇರುವುದಿಲ್ಲ, ಕೀಯ ನೆತ್ತಿಯ ಮೇಲೆ ಸಣ್ಣ ಬಣ್ಣದ ಅಕ್ಷರದಲ್ಲಿ ಇರುತ್ತದೆ. ಕ್ಯಾಸಿಯೊದ ಎಂಎಸ್ ಮಾದರಿಗಳಲ್ಲಿ ಶಿಫ್ಟ್ ಒತ್ತಿ ಘನದ ಕೀ ಒತ್ತಬೇಕು. ಇಎಸ್ ಮತ್ತು ಅದರ ನಂತರದ ಇಎಕ್ಸ್ ಮಾದರಿಗಳಲ್ಲಿ ಶಿಫ್ಟ್ ಒತ್ತಿ √ ಕೀಯನ್ನೇ ಒತ್ತಿದರೆ ∛ ಬರುತ್ತದೆ. ನಾಲ್ಕನೇ ಮೂಲ, ಐದನೇ ಮೂಲ ಬೇಕಾದರೆ ಶಿಫ್ಟ್ ಜೊತೆ ಘಾತದ ಕೀ. ಎಂಎಸ್‌ನಲ್ಲಿ ಎಷ್ಟನೇ ಮೂಲ ಎಂಬ ಸಂಖ್ಯೆಯನ್ನು ಮೊದಲು ಒತ್ತಬೇಕು: 5, ಶಿಫ್ಟ್, ಘಾತದ ಕೀ, 32, ಸಮ. ಉತ್ತರ 2.

∛64 ಹಾಕಿದೆ, 4 ಬರುವ ಬದಲು 24 ಬಂತು.

ನೀವು 3 ಒತ್ತಿ √ ಒತ್ತಿ 64 ಒತ್ತಿದ್ದೀರಿ. ಯಂತ್ರ ಅದನ್ನು 3 × √64 ಎಂದು ಓದಿತು, ಮೂರು ಎಂಟಲಿ 24. ಮೂಲಚಿಹ್ನೆಯ ಕುತ್ತಿಗೆಯಲ್ಲಿ ಕೂರುವ ಪುಟ್ಟ 3 ಬೇರೆ, ಮುಂದೆ ನಿಲ್ಲುವ ದೊಡ್ಡ 3 ಬೇರೆ. ಪರದೆ ನೋಡಿದರೆ ವ್ಯತ್ಯಾಸ ಕಾಣುತ್ತದೆ, ಆದರೆ ಪರೀಕ್ಷೆಯ ಗಡಿಬಿಡಿಯಲ್ಲಿ ಯಾರು ನೋಡುತ್ತಾರೆ.

ಮೊಬೈಲ್‌ನಲ್ಲಿ ಹೇಗೆ?

ಐಫೋನ್ ಆದರೆ ತಿರುಗುವಿಕೆಯ ಲಾಕ್ ತೆಗೆದು ಫೋನನ್ನು ಅಡ್ಡ ಹಿಡಿಯಿರಿ, √ ಮತ್ತು ∛ ಎರಡೂ ಕಾಣಿಸುತ್ತವೆ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಕಂಪನಿಯದ್ದು ಒಂದೊಂದು ರೀತಿ. ∛ ಕಾಣದಿದ್ದರೂ ^ ಕೀ ಇದ್ದರೆ ಸಾಕು: 27^(1÷3) ಎಂದು ಹಾಕಿ. ಎಕ್ಸೆಲ್ ಹಾಳೆಯಲ್ಲೂ =27^(1/3) ಎಂದೇ ಬರೆಯುವುದು.

ಆವರಣ ಬಿಡಬೇಡಿ. 27^1÷3 ಎಂದು ಹಾಕಿದರೆ ಮೊದಲು 27^1, ಅಂದರೆ 27, ಆಮೇಲೆ ಮೂರರಿಂದ ಭಾಗಿಸಿ 9 ಎಂದು ತೋರಿಸುತ್ತದೆ. 1÷3 ಬದಲು 0.33 ಎಂದು ಹಾಕುವ ಸೋಮಾರಿತನವೂ ಬೇಡ. 1000ದ ಘನಮೂಲ 10 ಎಂದು ಎಲ್ಲರಿಗೂ ಗೊತ್ತು, 1000^0.33 ಹಾಕಿ ನೋಡಿ, 9.77 ಬರುತ್ತದೆ. 0.333 ಹಾಕಿದರೂ 9.98ರ ಹತ್ತಿರವೇ ನಿಲ್ಲುತ್ತದೆ.

ಸಾದಾ ಕ್ಯಾಲ್ಕುಲೇಟರ್‌ನಲ್ಲಿ √ ಮಾತ್ರ ಇದೆ. ಅದರಲ್ಲಿ ಘನಮೂಲ ನಿಜವಾಗಿಯೂ ಬರುತ್ತದೆಯೇ?

ಬರುತ್ತದೆ, ಬೇಕಾದಷ್ಟು ದಶಾಂಶದವರೆಗೆ ಬರುತ್ತದೆ. 10,000 ಲೀಟರ್ ಸಂಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. 1000 ಲೀಟರ್ ಎಂದರೆ ಒಂದು ಘನ ಮೀಟರ್, ಹಾಗಾಗಿ ಸಂಪಿನ ಒಳಗಾತ್ರ 10 ಘನ ಮೀಟರ್. ಉದ್ದ, ಅಗಲ, ಆಳ ಮೂರೂ ಒಂದೇ ಇರಬೇಕಾದರೆ ಪ್ರತಿಯೊಂದೂ ∛10 ಮೀಟರ್.

ಮೊದಲು ಮೆಮೊರಿ ಖಾಲಿ ಮಾಡಿ 10 ಒತ್ತಿ, ಎಂ ಪ್ಲಸ್ ಒತ್ತಿ. ಹತ್ತು ಮೆಮೊರಿಗೆ ಹೋಯಿತು. ಈಗ ಒಂದು ಅಂದಾಜು ಬೇಕು. 2ರ ಘನ 8, 3ರ ಘನ 27, ಹಾಗಾಗಿ 2 ಇಟ್ಟುಕೊಳ್ಳೋಣ. ಒತ್ತಬೇಕಾದದ್ದು ಇಷ್ಟೇ (ಎಂಆರ್ ಎಂದರೆ ಮೆಮೊರಿಯಲ್ಲಿರುವ ಸಂಖ್ಯೆಯನ್ನು ಪರದೆಗೆ ತರುವ ಕೀ):

2 × ಎಂಆರ್ = √ √

ಪರದೆಯ ಮೇಲೆ 2.1147 ಬಂತು. ಅಳಿಸಬೇಡಿ. ಅದರ ಮೇಲೆಯೇ ಮತ್ತೆ × ಎಂಆರ್ = √ √ ಒತ್ತಿ, 2.1444. ಮತ್ತೊಮ್ಮೆ, 2.1519. ಮತ್ತೆ 2.1538, 2.1543, 2.1544. ಅಂಕಿಗಳು ಅಲುಗಾಡುವುದನ್ನು ನಿಲ್ಲಿಸಿದಾಗ ನೀವೂ ನಿಲ್ಲಿಸಿ. ನಿಜವಾದ ∛10 ಎಂದರೆ 2.15443469. ಮೀಟರನ್ನು 0.3048ರಿಂದ ಭಾಗಿಸಿದರೆ 7.07 ಅಡಿ. ಏಳಡಿ ಉದ್ದ, ಏಳಡಿ ಅಗಲ, ಏಳಡಿ ಆಳಕ್ಕೆ ಮೇಲೆ ಒಂದೊಂದು ಇಂಚು ಸೇರಿಸಿದರೆ ಹತ್ತು ಸಾವಿರ ಲೀಟರ್ ಹಿಡಿಯುತ್ತದೆ. ತುಂಬಿ ಹರಿಯದಂತೆ ಮೇಲೆ ಬಿಡುವ ಜಾಗ ಬೇರೆ.

ಸಿಟಿಜನ್ ಮಾದರಿಯ ಕ್ಯಾಲ್ಕುಲೇಟರ್‌ಗಳಲ್ಲಿ ಎಂಆರ್ ಬದಲು ಎಂಆರ್‌ಸಿ ಎಂಬ ಒಂದೇ ಕೀ ಇರುತ್ತದೆ. ಒಮ್ಮೆ ಒತ್ತಿದರೆ ಮೆಮೊರಿ ತೋರಿಸುತ್ತದೆ, ಬೆನ್ನುಬೆನ್ನಿಗೆ ಎರಡು ಸಲ ಒತ್ತಿದರೆ ಅಳಿಸುತ್ತದೆ. ಕೈ ನಡುಗಿ ಎರಡು ಸಲ ತಗುಲಿದರೆ ಇಡೀ ಲೆಕ್ಕ ಮೊದಲಿಂದ.

ಇದು ಯಾಕೆ ಕೆಲಸ ಮಾಡುತ್ತದೆ? ಎರಡು ಸಲ √ ಒತ್ತಿದರೆ ಅದು ನಾಲ್ಕನೇ ಮೂಲವಲ್ಲವೇ?

ಹೌದು, ನಾಲ್ಕನೇ ಮೂಲವೇ. ಗುಟ್ಟು ಗುಣಾಕಾರದಲ್ಲಿದೆ. ಅಂದಾಜು ನಿಜವಾದ ಘನಮೂಲವೇ ಆಗಿದ್ದರೆ, ಅದನ್ನು 10ರಿಂದ ಗುಣಿಸುವುದೆಂದರೆ ಅದರ ಘನಕ್ಕೆ ಅದನ್ನೇ ಇನ್ನೊಮ್ಮೆ ಗುಣಿಸಿದಂತೆ. ಅಲ್ಲಿಗೆ ನಾಲ್ಕನೇ ಘಾತ ಆಯಿತು. ಎರಡು ಸಲ √ ಒತ್ತಿದರೆ ಮತ್ತೆ ಅದೇ ಸಂಖ್ಯೆ ಕೈಗೆ ಬರುತ್ತದೆ, ಬದಲಾಗುವುದಿಲ್ಲ. ಅಂದಾಜು ತಪ್ಪಿದ್ದರೆ ಏನಾಗುತ್ತದೆ? ಎರಡು ಸಲ √ ಒತ್ತಿದಾಗ ತಪ್ಪೂ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಪ್ರತಿ ಸುತ್ತಿಗೂ ಕಾಲು, ಕಾಲಿನ ಕಾಲು, ಹೀಗೆ ಐದು ಸುತ್ತಿಗೆ ತಪ್ಪು ಸಾವಿರದಲ್ಲಿ ಒಂದು ಪಾಲಾಗುತ್ತದೆ, ಯಾಕೆಂದರೆ ನಾಲ್ಕನ್ನು ಐದು ಸಲ ಗುಣಿಸಿದರೆ 1024. ಹಾಗಾಗಿ ಐದು ಸುತ್ತಿಗೆ ಮೂರು ಅಂಕಿ ಗಟ್ಟಿ ಎಂದು ನೆನಪಿಟ್ಟುಕೊಳ್ಳಿ.

ಇದರ ದೊಡ್ಡ ಅನುಕೂಲ ಏನೆಂದರೆ ನಡುವೆ ಕೈತಪ್ಪಿದರೂ ಲೆಕ್ಕ ಕೆಡುವುದಿಲ್ಲ. ಮೆಮೊರಿಯಲ್ಲಿರುವ ಸಂಖ್ಯೆ ಸರಿಯಿದ್ದರೆ ಪರದೆಯ ಮೇಲೆ ಯಾವ ಧನ ಸಂಖ್ಯೆ ಇದ್ದರೂ ಅದು ಕೊನೆಗೆ ಸರಿಯಾದ ಉತ್ತರಕ್ಕೇ ಬಂದು ನಿಲ್ಲುತ್ತದೆ. ಅಂದಾಜು 2ರ ಬದಲು 50 ಹಾಕಿ ನೋಡಿ. ಎರಡು ಮೂರು ಸುತ್ತು ಹೆಚ್ಚು ಹಿಡಿಯಬಹುದು, ಅಷ್ಟೇ.

ಸಿಎ ಕೋಚಿಂಗ್‌ನಲ್ಲಿ √ ಅನ್ನು 12 ಸಲ ಒತ್ತಲು ಹೇಳಿಕೊಡುತ್ತಾರೆ. ಅದು ಒಳ್ಳೆಯದೋ ಇದೋ?

ಅದೂ ಸರಿಯಾದ ವಿಧಾನವೇ. ಸಿಎ ಪರೀಕ್ಷೆ ನಡೆಸುವ ಐಸಿಎಐ ಸಂಸ್ಥೆ ಪರೀಕ್ಷೆಗೆ 6 ಫಂಕ್ಷನ್, 12 ಅಂಕಿ, 2 ಮೆಮೊರಿವರೆಗಿನ ಸಾದಾ ಕ್ಯಾಲ್ಕುಲೇಟರ್ ಮಾತ್ರ ಬಿಡುವುದರಿಂದ ಈ ವಿಧಾನ ಕಾಮರ್ಸ್ ಮಕ್ಕಳಲ್ಲಿ ಹಬ್ಬಿದೆ. ಕ್ರಮ ಹೀಗೆ: ಸಂಖ್ಯೆ ಒತ್ತಿ, √ 12 ಸಲ, 1 ಕಳೆಯಿರಿ, 3ರಿಂದ ಭಾಗಿಸಿ, 1 ಕೂಡಿ, ಆಮೇಲೆ × = ಜೋಡಿಯನ್ನು 12 ಸಲ. ಐದನೇ ಮೂಲ ಬೇಕಾದರೆ 3ರ ಜಾಗದಲ್ಲಿ 5. ಯಾವ ಮೂಲಕ್ಕೂ ಇದೇ ಕ್ರಮ ನಡೆಯುತ್ತದೆ, ಅದೇ ಇದರ ಬಲ.

ಬಲಹೀನತೆ ನಿಖರತೆಯಲ್ಲಿದೆ. 2ರ ಘನಮೂಲ 1.25992. ಈ ವಿಧಾನದಲ್ಲಿ 12 ಅಂಕಿಯ ಯಂತ್ರ ಕೊಡುವುದು 1.25993 ಚಿಲ್ಲರೆ. ಪರೀಕ್ಷೆಗೆ ಇದು ಸಾಕು. ಆದರೆ 8 ಅಂಕಿಯ ಯಂತ್ರದಲ್ಲಿ ಹನ್ನೆರಡು ಸಲ √ ಒತ್ತುವ ಹೊತ್ತಿಗೆ 1.000169 ಚಿಲ್ಲರೆ ಉಳಿಯುತ್ತದೆ, 1 ಕಳೆದರೆ ಕೈಯಲ್ಲಿ ನಾಲ್ಕೇ ಅಂಕಿ. ಆ ಚೂರು ಅಂಕಿಯ ತಪ್ಪು ಮತ್ತೆ ಹನ್ನೆರಡು ಸಲ ವರ್ಗವಾಗಿ 4096 ಪಟ್ಟು ಬೆಳೆಯುತ್ತದೆ. ಮೂರು ದಶಾಂಶ ದಾಟಿದರೆ ಆ ಉತ್ತರವನ್ನು ನಂಬುವಂತಿಲ್ಲ. ಎಣಿಕೆಯಲ್ಲಿ 12ರ ಬದಲು 11 ಒತ್ತಿದರಂತೂ ಉತ್ತರ ಪೂರ್ತಿ ಬೇರೆ. ಘನಮೂಲಕ್ಕೆ ಮೆಮೊರಿ ವಿಧಾನವೇ ಮೇಲು ಎಂಬುದು ನನ್ನ ಅನಿಸಿಕೆ. ಹನ್ನೊಂದನೇ ಮೂಲ, ಹದಿಮೂರನೇ ಮೂಲ ಕೇಳಿದಾಗ ಹನ್ನೆರಡರ ವಿಧಾನ ಹಿಡಿಯಿರಿ.

ಮೆಮೊರಿ ವಿಧಾನದಲ್ಲಿ ಐದನೇ ಮೂಲ, ಏಳನೇ ಮೂಲ ಬರುವುದಿಲ್ಲವೇ?

ಬರುತ್ತವೆ. ಐದನೇ ಮೂಲಕ್ಕೆ ಗುಣಿಸುವ ಬದಲು ಭಾಗಿಸಿ: ಮೆಮೊರಿಯಲ್ಲಿರುವ ಸಂಖ್ಯೆಯನ್ನು ಅಂದಾಜಿನಿಂದ ಭಾಗಿಸಿ, √ √ ಒತ್ತಿ, ಬಂದದ್ದೇ ಮುಂದಿನ ಅಂದಾಜು. ಏಳನೇ ಮೂಲಕ್ಕೆ ಗುಣಿಸಿ √ √ √. ಒಂಬತ್ತನೆಯದಕ್ಕೆ ಭಾಗಿಸಿ √ √ √. ಆರನೇ ಮೂಲ ಬೇಕಾದರೆ ಘನಮೂಲ ತೆಗೆದು ಅದಕ್ಕೆ ಒಂದು √ ಸಾಕು. ನಾಲ್ಕು, ಎಂಟು, ಹದಿನಾರಕ್ಕೆ ಬರೀ √ ಒತ್ತುತ್ತ ಹೋದರೆ ಮುಗಿಯಿತು.

ಏಳನೇ ಮೂಲ ಎಂದಾಗ ಬೆಂಗಳೂರಿನವರೇ ಆದ ಶಕುಂತಲಾ ದೇವಿಯವರ ನೆನಪಾಗುತ್ತದೆ. ಅಮೆರಿಕದ ಬರ್ಕ್ಲಿಯಲ್ಲಿ 1988ರಲ್ಲಿ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಅವರನ್ನು ಪರೀಕ್ಷಿಸಿದಾಗ ಕೊಟ್ಟ ಲೆಕ್ಕಗಳಲ್ಲಿ ಎರಡು ಇವು: 61,629,875ರ ಘನಮೂಲ, 170,859,375ರ ಏಳನೇ ಮೂಲ. ಉತ್ತರ 395 ಮತ್ತು 15. ಲೆಕ್ಕವನ್ನು ಬರೆದುಕೊಂಡು ಮುಗಿಸುವಷ್ಟರಲ್ಲಿ ಅವರು ಉತ್ತರ ಹೇಳಿರುತ್ತಿದ್ದರಂತೆ. ಎರಡನೆಯದನ್ನು 12 ಅಂಕಿಯ ಯಂತ್ರದಲ್ಲಿ ನಾವು ಮಾಡೋಣ. 170859375 ಮೆಮೊರಿಗೆ, ಅಂದಾಜು 10. ಗುಣಿಸಿ ಮೂರು ಸಲ √: 14.2587. ಮತ್ತೆ 14.9053. ಮತ್ತೆ 14.9881, 14.9985, 14.9998. ಉತ್ತರ 15 ಎಂದು ಹೇಳಲು ಇನ್ನೇನೂ ಬೇಕಿಲ್ಲ. 1977ರಲ್ಲಿ ಡಲ್ಲಾಸ್‌ನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿ 201 ಅಂಕಿಗಳ ಸಂಖ್ಯೆಯೊಂದರ 23ನೇ ಮೂಲವನ್ನು ಆಕೆ 50 ಸೆಕೆಂಡಿನಲ್ಲಿ ಹೇಳಿದ್ದರು. ಅದಕ್ಕೆ ನಮ್ಮ ಅಂಗಡಿ ಕ್ಯಾಲ್ಕುಲೇಟರ್ ಸಾಲದು.

61629875ರ ಘನಮೂಲ ತೆಗೆಯಲು ಹೋದರೆ ಪರದೆಯಲ್ಲಿ ‘ಇ’ ಎಂದು ಬಂದು ಯಂತ್ರ ನಿಂತುಬಿಡುತ್ತದೆ.

8 ಅಂಕಿಯ ಯಂತ್ರಕ್ಕೆ ಅದು ತುಂಬಿ ತುಳುಕುವಷ್ಟು ದೊಡ್ಡದು. 400 ಎಂಬ ಅಂದಾಜಿನಿಂದ ಅದನ್ನು ಗುಣಿಸಿದರೆ ಪರದೆಯಲ್ಲಿ ಜಾಗವೇ ಇಲ್ಲ. ಉಪಾಯ ಸುಲಭ: ಬಲದಿಂದ ಮೂರು ಮೂರು ಅಂಕಿ ಬಿಟ್ಟು ದಶಾಂಶ ಬಿಂದು ಹಾಕಿ. ಮೂರಂಕಿ ಸರಿಸಿದ್ದಕ್ಕೆ ಉತ್ತರವನ್ನು 10ರಿಂದ ಗುಣಿಸಬೇಕು, ಆರಂಕಿಗೆ 100ರಿಂದ. ಇಲ್ಲಿ 61.629875 ಮೆಮೊರಿಗೆ ಹಾಕಿ, ಅಂದಾಜು 4. ಸುತ್ತು ಸುತ್ತಿಗೆ 3.9624, 3.9531, 3.9508, 3.9502 ಎಂದು ಇಳಿಯುತ್ತ 3.95ಕ್ಕೆ ಬಂದು ನಿಲ್ಲುತ್ತದೆ. 100ರಿಂದ ಗುಣಿಸಿ, 395.

ವರ್ಗಮೂಲಕ್ಕಾದರೆ ಎರಡೆರಡು ಅಂಕಿ ಸರಿಸಬೇಕು, ಒಂದೊಂದಲ್ಲ. √4 = 2, √400 = 20, ಆದರೆ √40 = 6.32. ಒಂದಂಕಿ ಸರಿಸಿದರೆ ಉತ್ತರದ ಅಂಕಿಗಳೇ ಬೇರೆಯಾಗುತ್ತವೆ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ವರ್ಗಮೂಲ ತೆಗೆಯುವ ಕ್ರಮ ಎರಡೆರಡು ಸ್ಥಾನಗಳಾಗಿಯೂ ಘನಮೂಲದ ಕ್ರಮ ಮೂರು ಮೂರು ಸ್ಥಾನಗಳಾಗಿಯೂ ವಿಂಗಡಿಸಿಕೊಂಡೇ ಹೊರಡುತ್ತದೆ. ಶಾಲೆಯಲ್ಲಿ ಕಲಿತ ಭಾಗಾಕಾರದ ವರ್ಗಮೂಲವೂ ಅದೇ ಜಾತಿಯದು.

ವಾರ್ಷಿಕ ಬೆಳವಣಿಗೆಯ ದರ ಲೆಕ್ಕ ಹಾಕಲು ಘನಮೂಲ ಯಾಕೆ?

2 ಲಕ್ಷ ಹಾಕಿದ್ದು ಮೂರು ವರ್ಷಕ್ಕೆ 3 ಲಕ್ಷ ಆಯಿತು ಎನ್ನಿ. ಶೇಕಡ 50 ಬೆಳೆದಿದೆ, ಮೂರರಿಂದ ಭಾಗಿಸಿದರೆ ವರ್ಷಕ್ಕೆ ಶೇಕಡ 16.67 ಎಂದು ಏಜೆಂಟರು ಹೇಳಿಬಿಡುತ್ತಾರೆ. ಚಕ್ರಬಡ್ಡಿಯ ಲೆಕ್ಕದಲ್ಲಿ ಅದು ತಪ್ಪು. ಪ್ರತಿ ವರ್ಷ ಒಂದೇ ಪಟ್ಟಿನಲ್ಲಿ ಮೂರು ಸಲ ಬೆಳೆದು 1.5 ಪಟ್ಟಾಗಿದೆ, ಹಾಗಾಗಿ ಆ ಪಟ್ಟು ∛1.5. ಮೆಮೊರಿಗೆ 1.5, ಅಂದಾಜು 1, ಮೇಲಿನ ಕ್ರಮ. 1.1447 ಬರುತ್ತದೆ. ದರ ಶೇಕಡ 14.47. ಎರಡು ವರ್ಷದ ಲೆಕ್ಕವಾದರೆ ಬರೀ √, ನಾಲ್ಕು ವರ್ಷವಾದರೆ √ √, ಐದು ವರ್ಷಕ್ಕೆ ಐದನೇ ಮೂಲ.

−9ರ ವರ್ಗಮೂಲ ಹಾಕಿದರೆ ಎರರ್ ಬರುತ್ತದೆ. −27ರ ಘನಮೂಲ?

ಯಾವ ನೈಜ ಸಂಖ್ಯೆಯನ್ನೂ ಅದರಿಂದಲೇ ಗುಣಿಸಿ ಋಣ ಸಂಖ್ಯೆ ಪಡೆಯಲಾಗದು, ಹಾಗಾಗಿ ಯಂತ್ರ ಕೈಚೆಲ್ಲುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಗಣಿತಸಾರಸಂಗ್ರಹ ಬರೆದ ಮಹಾವೀರಾಚಾರ್ಯನೂ ಇದನ್ನೇ ಹೇಳಿದ್ದಾನೆ: ಋಣ ಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ. ಇಂಜಿನಿಯರಿಂಗ್ ಮಕ್ಕಳಿಗೆ ಸಂಕೀರ್ಣ ಸಂಖ್ಯೆಗಳ ಮೋಡ್ ಬೇರೆ ಇದೆ, ಅಲ್ಲಿ ಈ ಮಾತು ಬದಲಾಗುತ್ತದೆ.

ಘನಮೂಲಕ್ಕೆ ಈ ತಕರಾರಿಲ್ಲ. −3 × −3 × −3 = −27. ∛ ಕೀ ಇರುವ ಯಂತ್ರ ನೇರವಾಗಿ −3 ಕೊಡುತ್ತದೆ. ^(1÷3) ಹಾಕಿದಾಗ ಕೆಲವು ಆ್ಯಪ್‌ಗಳು ಎರರ್ ತೋರಿಸುತ್ತವೆ, ಕೆಲವು ಸಂಕೀರ್ಣ ಸಂಖ್ಯೆಯನ್ನು ಮುಂದಿಡುತ್ತವೆ. ತಲೆನೋವೇ ಬೇಡ: 27ಕ್ಕೆ ಘನಮೂಲ ತೆಗೆದು ಮುಂದೆ ಋಣ ಚಿಹ್ನೆ ಹಾಕಿಕೊಳ್ಳಿ.

√9ಕ್ಕೆ 3 ಮಾತ್ರ ತೋರಿಸುತ್ತದೆ, −3 ಕೂಡ ಉತ್ತರವಲ್ಲವೇ?

√ ಚಿಹ್ನೆಯ ಅರ್ಥವೇ ಧನ ಮೂಲ. ಸಮೀಕರಣ ಬಿಡಿಸುವಾಗ ಋಣ ಉತ್ತರವನ್ನು ನೀವೇ ಸೇರಿಸಿಕೊಳ್ಳಬೇಕು.

2 √ ಒತ್ತಿ, ಬಂದ ಉತ್ತರವನ್ನು ಅದರಿಂದಲೇ ಗುಣಿಸಿದರೆ 1.9999998 ಬರುತ್ತದೆ. ಕ್ಯಾಲ್ಕುಲೇಟರ್ ಕೆಟ್ಟಿದೆಯೇ?

ಇಲ್ಲ. √2ರ ದಶಾಂಶಗಳಿಗೆ ಕೊನೆಯಿಲ್ಲ. 8 ಅಂಕಿಯ ಯಂತ್ರ 1.4142135 ಎಂದು ಕತ್ತರಿಸಿ ಇಟ್ಟುಕೊಂಡಿದೆ, ಕತ್ತರಿಸಿ ಬಿಸಾಕಿದ ಬಾಲವೇ ಕೊನೆಯಲ್ಲಿ ಕಾಣೆಯಾದದ್ದು. 12 ಅಂಕಿಯ ಯಂತ್ರದಲ್ಲಿ ಒಂಬತ್ತುಗಳ ಸಾಲು ಇನ್ನೂ ಉದ್ದ ಬರುತ್ತದೆ. ಸೈಂಟಿಫಿಕ್ ಸರಿಯಾಗಿ 2 ತೋರಿಸುತ್ತದೆ, ಯಾಕೆಂದರೆ ಅದು ಪರದೆಯಲ್ಲಿ ಕಾಣುವುದಕ್ಕಿಂತ ಹೆಚ್ಚು ಅಂಕಿಗಳನ್ನು ಒಳಗೆ ಇಟ್ಟುಕೊಂಡು ಕೊನೆಗೆ ದುಂಡುಮಾಡುತ್ತದೆ. ಇದರಿಂದ ಕಲಿಯಬೇಕಾದ ಒಂದು ಅಭ್ಯಾಸವಿದೆ: ನಡುವಿನ ಉತ್ತರವನ್ನು ಕಾಗದದ ಮೇಲೆ ಎರಡು ದಶಾಂಶಕ್ಕೆ ಬರೆದು ಮತ್ತೆ ಒತ್ತಬೇಡಿ. ಯಂತ್ರದಲ್ಲಿರುವುದನ್ನೇ ಮುಂದುವರಿಸಿ, ಕೊನೆಯಲ್ಲಿ ಒಮ್ಮೆ ದುಂಡುಮಾಡಿ.

√0.5 ಹಾಕಿದರೆ 0.707 ಬರುತ್ತದೆ. ಮೂಲ ತೆಗೆದರೆ ಸಂಖ್ಯೆ ಚಿಕ್ಕದಾಗಬೇಕಲ್ಲವೇ?

1ಕ್ಕಿಂತ ದೊಡ್ಡ ಸಂಖ್ಯೆ ಚಿಕ್ಕದಾಗುತ್ತದೆ, 1ಕ್ಕಿಂತ ಚಿಕ್ಕದು ದೊಡ್ಡದಾಗುತ್ತದೆ. ಯಾವ ಧನ ಸಂಖ್ಯೆಗೇ ಆಗಲಿ √ ಒತ್ತುತ್ತಲೇ ಹೋಗಿ, ಎಲ್ಲವೂ 1ರ ಕಡೆಗೆ ಸರಿಯುತ್ತವೆ.

ಉತ್ತರ ಯಾವಾಗಲೂ ಎರಡೇ ದಶಾಂಶ ಬರುತ್ತಿದೆ.

ಮೇಜಿನ ಮೇಲಿಡುವ ದೊಡ್ಡ ಕ್ಯಾಲ್ಕುಲೇಟರ್‌ಗಳಲ್ಲಿ ಪರದೆಯ ಕೆಳಗೆ ಸರಿಸುವ ಪುಟ್ಟ ಸ್ವಿಚ್ ಇರುತ್ತದೆ. ಅದು 2ರ ಮೇಲೆ ಕೂತಿದೆ. ‘ಎಫ್’ ಕಡೆಗೆ ಸರಿಸಿ, ಪೂರ್ತಿ ದಶಾಂಶ ಕಾಣುತ್ತದೆ. ಬಿಲ್ ಮಾಡುವವರು ಪೈಸೆಗೆ ತಕ್ಕಂತೆ 2ಕ್ಕೆ ಇಟ್ಟಿರುತ್ತಾರೆ, ನೀವು ಅದನ್ನೇ ತೆಗೆದುಕೊಂಡು ಘನಮೂಲದ ಸುತ್ತು ಹಾಕಿದರೆ ಉತ್ತರ ಅರ್ಧದಾರಿಯಲ್ಲೇ ನಿಂತುಬಿಡುತ್ತದೆ. ಸೈಂಟಿಫಿಕ್‌ನಲ್ಲಿ ಆದರೆ ಫಿಕ್ಸ್ ಮೋಡ್ ಆನ್ ಆಗಿರಬಹುದು, ನಾರ್ಮಲ್‌ಗೆ ತನ್ನಿ. ಡಿಗ್ರಿ, ರೇಡಿಯನ್ ಮೋಡ್‌ಗೂ ವರ್ಗಮೂಲಕ್ಕೂ ಯಾವ ಸಂಬಂಧವೂ ಇಲ್ಲ.

√72 ಹಾಕಿದರೆ 6√2 ಎಂದು ತೋರಿಸುತ್ತದೆ. ಸಂಖ್ಯೆ ಬೇಕಲ್ಲ?

ಕ್ಯಾಸಿಯೊ ಇಎಸ್, ಇಎಕ್ಸ್‌ಗಳಲ್ಲಿ ಸಮ ಚಿಹ್ನೆಯ ಮೇಲ್ಗಡೆ ಎರಡು ಅಕ್ಷರದ ನಡುವೆ ಜೋಡಿಬಾಣ ಇರುವ ಕೀ ಇದೆ, ಅದನ್ನು ಒತ್ತಿದರೆ 8.4853 ಬರುತ್ತದೆ. ಆದರೆ 6√2 ಎನ್ನುವುದೇ ಪೂರ್ಣ ಸತ್ಯ, ದಶಾಂಶ ಅಂದಾಜು. ಪರೀಕ್ಷೆಯಲ್ಲಿ ಯಾವ ರೂಪ ಕೇಳಿದ್ದಾರೋ ನೋಡಿ ಬರೆಯಿರಿ.

√ ಕೀಯೇ ಇಲ್ಲ ಅಥವಾ ಹಾಳಾಗಿದೆ. ಆಗ?

ಭಾಗಾಕಾರ ಗೊತ್ತಿದ್ದರೆ ಸಾಕು. ಒಂದು ಅಂದಾಜು ಹಿಡಿಯಿರಿ, ಸಂಖ್ಯೆಯನ್ನು ಅದರಿಂದ ಭಾಗಿಸಿ, ಅಂದಾಜಿಗೂ ಬಂದ ಉತ್ತರಕ್ಕೂ ಸರಾಸರಿ ತೆಗೆಯಿರಿ. 2ಕ್ಕೆ 1.4 ಅಂದಾಜು: 2 ÷ 1.4 = 1.428571, ಸರಾಸರಿ 1.4142857. ಇನ್ನೊಂದು ಸುತ್ತು ಹಾಕಿದರೆ 1.414213564. ನಿಜವಾದದ್ದು 1.414213562. ಎರಡೇ ಸುತ್ತಿಗೆ ಎಂಟು ದಶಾಂಶ. ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಯ ಅಳತೆಗೆಂದು ಕೊಟ್ಟಿರುವ √2ರ ಬೆಲೆ 1 + 1/3 + 1/12 − 1/408. ಕ್ಯಾಲ್ಕುಲೇಟರ್‌ನಲ್ಲಿ ಹಾಕಿ ನೋಡಿ, 1.4142157 ಬರುತ್ತದೆ. ಐದು ದಶಾಂಶದವರೆಗೆ ಸರಿ.

ಘನಮೂಲಕ್ಕೂ ಇದರ ತಮ್ಮನಂಥ ಕ್ರಮವಿದೆ. ಸಂಖ್ಯೆಯನ್ನು ಅಂದಾಜಿನಿಂದ ಎರಡು ಸಲ ಭಾಗಿಸಿ, ಅದಕ್ಕೆ ಅಂದಾಜಿನ ಎರಡರಷ್ಟನ್ನು ಕೂಡಿ, ಮೂರರಿಂದ ಭಾಗಿಸಿ. 100ಕ್ಕೆ ಅಂದಾಜು 4.6 ಇಟ್ಟರೆ ಒಂದೇ ಸುತ್ತಿಗೆ 4.64197, ಎರಡನೆಯದಕ್ಕೆ 4.641589. ಸುತ್ತು ಕಡಿಮೆ, ಆದರೆ ಒಂದೊಂದು ಸುತ್ತಿಗೂ ಒತ್ತುವ ಕೀ ಜಾಸ್ತಿ.

ಪರೀಕ್ಷೆಗಳಲ್ಲಿ ಯಾವುದು ನಡೆಯುತ್ತದೆ?

ಎಸ್ಸೆಸ್ಸೆಲ್ಸಿ, ಸಿಇಟಿ, ನೀಟ್, ಜೆಇಇ ಮೇನ್: ಕ್ಯಾಲ್ಕುಲೇಟರ್ ಇಲ್ಲವೇ ಇಲ್ಲ. 1ರಿಂದ 30ರವರೆಗಿನ ವರ್ಗ, 1ರಿಂದ 15ರವರೆಗಿನ ಘನ ಬಾಯಿಪಾಠ ಇರಲಿ. ಗೇಟ್ ಪರೀಕ್ಷೆಯಲ್ಲಿ ಪರದೆಯ ಮೇಲೇ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೊಡುತ್ತಾರೆ, ಮೌಸ್‌ನಿಂದ ಒತ್ತಬೇಕು. ಮನೆಯಲ್ಲೇ ಅದರ ಅಭ್ಯಾಸ ಮಾಡಿಕೊಂಡು ಹೋಗದಿದ್ದರೆ ಅಲ್ಲಿ ಸಮಯ ತಿನ್ನುತ್ತದೆ. ಉಳಿದವಕ್ಕೆ ಆಯಾ ಹಾಲ್ ಟಿಕೆಟ್‌ನ ಹಿಂಬದಿ ಓದಿ.

ಹೊಸ ಸಾದಾ ಕ್ಯಾಲ್ಕುಲೇಟರ್ ಕೊಳ್ಳುವಾಗ ಏನು ನೋಡಬೇಕು?

12 ಅಂಕಿಯದ್ದೇ ತೆಗೆದುಕೊಳ್ಳಿ. ಕೌಂಟರಿನಲ್ಲಿ ನಿಂತೇ ಮೂರು ಪರೀಕ್ಷೆ ಮಾಡಿ. 144 √ ಒತ್ತಿ, 12 ಬರಬೇಕು. 5 × = ಒತ್ತಿ, 25 ಬರಬೇಕು; ಬರದಿದ್ದರೆ ಹನ್ನೆರಡು ಸಲದ ವಿಧಾನ ಅದರಲ್ಲಿ ನಡೆಯುವುದಿಲ್ಲ. ಆಮೇಲೆ 8 ಎಂ ಪ್ಲಸ್ ಒತ್ತಿ, 3 × ಎಂಆರ್ = √ √ ಎಂದು ಹೊರಟು 2ರ ಕಡೆಗೆ ಇಳಿಯುತ್ತದೆಯೇ ನೋಡಿ. √ ಕೀಯನ್ನು ಬೆನ್ನುಬೆನ್ನಿಗೆ ಬೇಗ ಒತ್ತಿದಾಗ ಒಂದೂ ತಪ್ಪದೆ ತೆಗೆದುಕೊಳ್ಳಬೇಕು. ಮೆತ್ತಗಿನ ರಬ್ಬರ್ ಕೀಗಳು ಇಲ್ಲೇ ಕೈಕೊಡುವುದು, ಗಟ್ಟಿ ಪ್ಲಾಸ್ಟಿಕ್ ಕೀ ಇರುವುದನ್ನೇ ಕೇಳಿ.